ಗುಡ್ಡದ ಮೇಲಿನ ನೀರು ಯಾರ ಅಂಗಳಕ್ಕೆ?

(ನಗರ ಬದುಕು ಮತ್ತು ಸಾಮಾಜಿಕ ನ್ಯಾಯ ಕುರಿತು ಮಂಗಳೂರಿನಲ್ಲಿ ನೀಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳಲ್ಲಿ ಕೆಲವನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಮಂದಿ ಬಂದಿದ್ದೀರಿ, ಸಂತೋಷ.

ಮಂಗಳೂರಿನ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಬಂದರಿನಿಂದಲೋ ಬ್ಯಾಂಕುಗಳಿಂದಲೋ ಕಾಲೇಜುಗಳಿಂದಲೋ ಆರಂಭಿಸುತ್ತಾರೆ. ನಾನು ನೆಲದ ಏರಿಳಿತದಿಂದ ಆರಂಭಿಸುತ್ತೇನೆ. ಇದು ಸಮತಟ್ಟಾದ ಊರಲ್ಲ. ಕದ್ರಿ, ಬಿಜೈ, ಲೈಟ್‌ಹೌಸ್ ಹಿಲ್, ಕೋರ್ಟುಗುಡ್ಡೆ, ನಂದಿಗುಡ್ಡೆ, ಹೀಗೆ ಗುಡ್ಡಗಳ ಸಾಲು. ಅವುಗಳ ನಡುವಿನ ತಗ್ಗಿನಲ್ಲಿ ಒಂದು ಕಾಲಕ್ಕೆ ಗದ್ದೆಗಳಿದ್ದವು, ಗದ್ದೆಯ ಬದಿಯಲ್ಲಿ ತೋಡುಗಳು, ಅಂದರೆ ಸಣ್ಣ ಹಳ್ಳಗಳು, ಇದ್ದವು. ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಫಲ್ಗುಣಿ. ಎರಡೂ ಅಳಿವೆಯಲ್ಲಿ ಒಂದಾಗಿ ಕಡಲು ಸೇರುತ್ತವೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ನೆಲದಲ್ಲಿ ಗುಡ್ಡದ ಮೇಲೆ ಬಿದ್ದ ನೀರು ಗದ್ದೆಯಲ್ಲಿ ಸ್ವಲ್ಪ ಹೊತ್ತು ನಿಂತು, ಇಂಗಿ, ಉಳಿದದ್ದು ತೋಡಿಗೆ ಇಳಿದು ಹೊಳೆಗೆ ಹೋಗುತ್ತಿತ್ತು.

ಗದ್ದೆಗಳಿಗೆ ಮಣ್ಣು ತುಂಬಿದೆವು. ಮುರಕಲ್ಲಿನ ಗುಡ್ಡಗಳನ್ನು ಜೆಸಿಬಿಯಲ್ಲಿ ಕಡಿದು ಬಹುಮಹಡಿ ಕಟ್ಟಡಗಳನ್ನು ಎಬ್ಬಿಸಿದೆವು. ಅಂಗಳಗಳಿಗೆ ಇಂಟರ್‌ಲಾಕ್ ಹಾಸಿದೆವು. ತೋಡುಗಳನ್ನು ಎರಡೂ ಕಡೆಯಿಂದ ಒತ್ತಿ ಚರಂಡಿ ಮಾಡಿದೆವು. 2018ರ ಮೇ 29ರಂದು, ಮುಂಗಾರಿನ ಹೊಸ್ತಿಲಲ್ಲಿ, ಒಂದೇ ದಿನದ ಮಳೆಗೆ ಈ ನಗರ ಮುಳುಗಿದ್ದು ನಿಮಗೆಲ್ಲ ನೆನಪಿರಬೇಕು. ಕೊಟ್ಟಾರ ಚೌಕಿಯಂಥ ಕಡೆ ಆ ನಂತರವೂ ಮಳೆಗಾಲದಲ್ಲಿ ಅದೇ ದೃಶ್ಯ ಮರಳಿ ಬಂದಿದೆ. ನೀರು ತುಂಬಿದ ಜಾಗಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಗುಡ್ಡದ ಮೇಲೆ ಅಂಗಳ ಮುಚ್ಚಿದ, ಮರ ಕಡಿದ ಜಾಗಗಳ ಪಟ್ಟಿಯನ್ನು ಇನ್ನೊಂದರಲ್ಲಿ ಬರೆಯಿರಿ. ಎರಡು ಪಟ್ಟಿಯಲ್ಲೂ ಇರುವ ವಿಳಾಸಗಳು ತೀರಾ ಕಡಿಮೆ. ಮೇಲಿನವನ ಅನುಕೂಲದ ಬೆಲೆಯನ್ನು ಕೆಳಗಿನವನು ತೆರುತ್ತಾನೆ. ನಾನು ಇಂದು ಹೇಳಬೇಕೆಂದಿರುವುದು ಇಷ್ಟೇ: ಈ ಊರಿನ ಅನ್ಯಾಯಕ್ಕೂ ನೀರಿನ ಹಾಗೆ ಒಂದು ಇಳಿಜಾರಿದೆ. ಆ ಇಳಿಜಾರನ್ನು ದೇವರು ಮಾಡಿದ್ದಲ್ಲ, ನಮ್ಮ ನಿರ್ಧಾರಗಳು ಮಾಡಿವೆ.

ನಗರದ ಕಸ ಹೋಗಿ ಬೀಳುವ ಪಚ್ಚನಾಡಿಗೆ ಬರೋಣ. ಈ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಮ್ಮ ನಗರದ ಇತ್ತೀಚಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಪಾಠ ನನಗೆ ಕಾಣುವುದಿಲ್ಲ.

ಮಂಗಳೂರು ದಿನಕ್ಕೆ ಸುಮಾರು 300 ಟನ್ ಕಸ ಹೊರಹಾಕುತ್ತದೆ. ಅದರಲ್ಲಿ ಸಂಸ್ಕರಣೆಯಾಗದೆ ಉಳಿದದ್ದೆಲ್ಲ ವರ್ಷಗಟ್ಟಲೆ ಪಚ್ಚನಾಡಿಯಲ್ಲಿ ರಾಶಿ ಬಿತ್ತು. ಹಸಿ ಕಸ, ಪ್ಲಾಸ್ಟಿಕ್, ಹೋಟೆಲಿನ ಅನ್ನ, ಹರಿದ ಬಟ್ಟೆ, ಎಲ್ಲ ಒಟ್ಟಿಗೆ. ರಾಶಿ ಗುಡ್ಡವಾಯಿತು. 2019ರ ಆಗಸ್ಟ್ ತಿಂಗಳ ಭಾರಿ ಮಳೆಗೆ ಆ ಕಸದ ಗುಡ್ಡ ಸಡಿಲಗೊಂಡು ಕೆಳಗಿನ ಮಂದಾರದ ಕಡೆಗೆ ಜಾರತೊಡಗಿತು. ಒಂದು ರಾತ್ರಿಯಲ್ಲಿ ಮುಗಿದ ಕುಸಿತ ಅದಲ್ಲ. ದಿನಗಟ್ಟಲೆ ನಿಧಾನವಾಗಿ ಮುಂದೆ ಸರಿಯುತ್ತಾ ತೆಂಗು, ಅಡಿಕೆಯ ತೋಟಗಳನ್ನು ಮುಚ್ಚಿತು, ಮನೆಗಳತ್ತ ನುಗ್ಗಿತು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿ ಕುಲಶೇಖರ ಕಡೆಯ ಗೃಹಮಂಡಳಿಯ ಫ್ಲಾಟುಗಳಲ್ಲಿ ಇರಿಸಬೇಕಾಯಿತು. ತೋಟದಲ್ಲಿ ಬೆಳೆದು, ಬಾವಿ ನೀರು ಸೇದಿ, ದನ ಕಟ್ಟಿಕೊಂಡು ಬದುಕಿದ್ದವರು ಮಹಡಿಯ ಮನೆಯಲ್ಲಿ ಕೀಲಿಕೈ ಹಿಡಿದು ನಿಂತರು.

ಮಂದಾರದವರು ಆ ಕಸವನ್ನು ಸೃಷ್ಟಿಸಲಿಲ್ಲ. ನಮ್ಮ ಮದುವೆ ಮಂಟಪಗಳಿಂದ, ನಮ್ಮ ಅಪಾರ್ಟ್‌ಮೆಂಟುಗಳಿಂದ, ನಮ್ಮ ಮಾಲುಗಳಿಂದ ಹೋದದ್ದು ಅದು. ರಾಶಿಯಿಂದ ಒಸರುವ ಕಪ್ಪು ನೀರು ತೋಡು ಹಿಡಿದು ಫಲ್ಗುಣಿಗೆ ಇಳಿಯುತ್ತದೆ ಎಂಬ ದೂರು ಹೈಕೋರ್ಟಿನವರೆಗೂ ಹೋಯಿತು. ಫಲ್ಗುಣಿಗೆ ಮರವೂರಿನಲ್ಲಿ ಕಿಂಡಿ ಅಣೆಕಟ್ಟಿದೆ, ಆ ನೀರನ್ನು ಕುಡಿಯುವ ಊರುಗಳಿವೆ. ಹೀಗೆ ನಗರದ ಅಡುಗೆಮನೆಯಿಂದ ಹೊರಟ ಒಂದು ಚೀಲ ಕಸ ಹಳ್ಳಿಯವರ ನೀರಿನ ಕೊಡದವರೆಗೆ ಹೋಗುತ್ತದೆ. ನಡುವೆ ಎಲ್ಲಿಯೂ ಅದನ್ನು ಕಳಿಸಿದವನ ಹೆಸರು ಇರುವುದಿಲ್ಲ.

ಇದನ್ನು ತಡೆಯಲು ಕಾನೂನು ಇರಲಿಲ್ಲವೇ? ಇತ್ತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯಲ್ಲಿಯೇ ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಎಂದು ಮೂರಾಗಿ ವಿಂಗಡಿಸಬೇಕು ಎಂದವು. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವ ಹೋಟೆಲು, ಆಸ್ಪತ್ರೆ, ವಸತಿ ಸಮುಚ್ಚಯಗಳನ್ನು ದೊಡ್ಡ ಪ್ರಮಾಣದ ಉತ್ಪಾದಕರು ಎಂದು ಗುರುತಿಸಿ, ಸಾಧ್ಯವಿದ್ದಷ್ಟು ಹಸಿ ಕಸವನ್ನು ತಮ್ಮ ಆವರಣದಲ್ಲೇ ಗೊಬ್ಬರವೋ ಅನಿಲವೋ ಮಾಡಿಕೊಳ್ಳಬೇಕು ಎಂದವು. ಹಸಿ ಕಸ ಹುಟ್ಟಿದ ಜಾಗದಲ್ಲೇ ಉಳಿದಿದ್ದರೆ ಪಚ್ಚನಾಡಿಯ ರಾಶಿ ಅಷ್ಟು ಎತ್ತರಕ್ಕೆ ಏರುತ್ತಿರಲಿಲ್ಲ, ಅದರೊಳಗೆ ಅಷ್ಟು ನೀರು, ಅಷ್ಟು ಅನಿಲ ತುಂಬಿಕೊಳ್ಳುತ್ತಿರಲಿಲ್ಲ. ಕಸ ವಿಂಗಡಣೆಯನ್ನು ನಾವು ಶಾಲಾ ಮಕ್ಕಳ ಪ್ರಬಂಧದ ವಿಷಯ ಮಾಡಿದ್ದೇವೆ. ನನ್ನ ದೃಷ್ಟಿಯಲ್ಲಿ ಅದು ಮಂದಾರದ ರೈತನಿಗೆ ನಾವು ಕೊಡಬೇಕಾದ ಬಾಕಿ.

ಉಡುಪಿಯವರು ಕೆಲವರು ಇಲ್ಲಿ ಕುಳಿತಿದ್ದೀರಿ. ನಿಮ್ಮಲ್ಲಿ ಇಂದ್ರಾಣಿ ಇದೆ. ಇಂದ್ರಾಳಿಯ ಕಡೆಯಿಂದ ಹರಿದು ಬರುವ ಆ ಪುಟ್ಟ ಹೊಳೆ ನಗರದ ಕೊಳಚೆಯನ್ನು ಹೊತ್ತು ನಿಟ್ಟೂರು, ಕೊಡಂಕೂರು, ಕಲ್ಮಾಡಿಯ ಕಡೆಗೆ ಇಳಿಯುತ್ತದೆ. ದಡದ ಮನೆಗಳ ಬಾವಿಗಳು ಕೆಟ್ಟ ಬಗ್ಗೆ ಅಲ್ಲಿನ ಜನ ವರ್ಷಗಳಿಂದ ಹೇಳುತ್ತಲೇ ಇದ್ದಾರೆ. ರಥಬೀದಿಗೆ ಬರುವ ಯಾತ್ರಿಕನಿಗೆ ಇದು ಕಾಣುವುದಿಲ್ಲ. ಕರಾವಳಿಯಲ್ಲಿ ಬಾವಿ ಕೆಡುವುದೆಂದರೆ ಏನೆಂದು ಇಲ್ಲಿರುವವರಿಗೆ ನಾನು ವಿವರಿಸಬೇಕಾಗಿಲ್ಲ. ಬಾವಿ ಕೆಟ್ಟ ಮನೆ ಅರ್ಧ ಮನೆ.

ಈಗ ನೆಲದ ಮೇಲಿನಿಂದ ನೆಲದೊಳಕ್ಕೆ ಹೋಗೋಣ. ಮಳೆಗಾಲದಲ್ಲಿ ತಗ್ಗು ಪ್ರದೇಶದ ರಸ್ತೆಗಳಲ್ಲಿ ಮ್ಯಾನ್‌ಹೋಲ್ ಮುಚ್ಚಳ ಎದ್ದು ಕೊಳಚೆ ಉಕ್ಕುವುದನ್ನು ನೋಡಿದ್ದೀರಿ. ಒಳಚರಂಡಿಯ ಕೊಳವೆಯನ್ನು ಮನೆಗಳ ಮಲಿನ ನೀರಿಗೆ ಲೆಕ್ಕ ಹಾಕಿ ಹಾಕಿರುತ್ತಾರೆ, ಮಳೆ ನೀರಿಗಲ್ಲ. ಆದರೆ ಎಷ್ಟೋ ಮನೆ, ಕಟ್ಟಡಗಳವರು ಮಾಡಿನ (ಛಾವಣಿಯ) ನೀರನ್ನು ಚರಂಡಿಗೆ ಬಿಡುವ ಕಷ್ಟ ಏಕೆಂದು ನೇರವಾಗಿ ಒಳಚರಂಡಿಗೆ ಜೋಡಿಸಿದ್ದಾರೆ. ಜೂನ್ ತಿಂಗಳಲ್ಲಿ ಗುಡ್ಡದ ಮೇಲಿನ ನೂರಾರು ಮಾಡುಗಳ ನೀರು ಒಂದೇ ಕೊಳವೆಗೆ ನುಗ್ಗಿದರೆ ಅದು ಹೊರಬರುವ ಜಾಗ ಯಾವುದು? ಎಲ್ಲಕ್ಕಿಂತ ತಗ್ಗಿನಲ್ಲಿರುವ ಮ್ಯಾನ್‌ಹೋಲ್. ಅಲ್ಲಿ ಯಾರ ಮನೆಯಿದೆಯೋ ಅವರ ಹೊಸ್ತಿಲಿಗೆ ನಮ್ಮೆಲ್ಲರ ಶೌಚಾಲಯ ಬಂದು ನಿಲ್ಲುತ್ತದೆ. ಆಮೇಲೆ ಅದನ್ನು ಸರಿಪಡಿಸಲು ಒಬ್ಬ ಕಾರ್ಮಿಕ ಬರಬೇಕು.

ಆ ಕಾರ್ಮಿಕನಂಥವರ ಬಗ್ಗೆ, ಮನುಷ್ಯರಿಂದ ಮಲ ಬಾಚಿಸುವುದನ್ನು ನಿಷೇಧಿಸಿ, ದೇಶ ಎರಡು ಕಾಯ್ದೆ ಮಾಡಿದೆ, 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು. ಎರಡನೆಯದರ ಪ್ರಕಾರ ರಕ್ಷಣಾ ಸಲಕರಣೆ ಇಲ್ಲದೆ ಮನುಷ್ಯನನ್ನು ಒಳಚರಂಡಿಗೆ, ಶೌಚಗುಂಡಿಗೆ ಇಳಿಸುವುದು ಅಪರಾಧ. 1993ರಿಂದೀಚೆಗೆ ಹೀಗೆ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರ ಮಾರ್ಚ್‌ನಲ್ಲಿ ಹೇಳಿತು. 2023ರ ಅಕ್ಟೋಬರ್‌ನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿದ್ದು ಒಳ್ಳೆಯದೇ. ಆದರೆ ಒಂಬತ್ತು ವರ್ಷಗಳ ನಂತರವೂ ಆ ಮೊತ್ತವನ್ನು ಏರಿಸುವ ಅಗತ್ಯ ಬಂತು ಎಂದರೆ ಸಾವು ನಿಂತಿಲ್ಲ ಎಂದು ಅರ್ಥ. ನನಗೆ ಅದನ್ನು ಓದಿದಾಗ ಸಮಾಧಾನವಾಗಲಿಲ್ಲ, ಸಿಟ್ಟು ಬಂತು.

ಈ ವಿಷಯದಲ್ಲಿ ನಮ್ಮ ಕರಾವಳಿಗೆ ಎರಡು ಬಗೆಯ ಚರಿತ್ರೆ ಇದೆ. ಡಾ. ವಿ.ಎಸ್. ಆಚಾರ್ಯರು ಅಧ್ಯಕ್ಷರಾಗಿದ್ದ ಕಾಲದಲ್ಲಿ ಉಡುಪಿ ಪುರಸಭೆ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿತು. ದೇಶದಲ್ಲಿ ಅದಕ್ಕೆ ಕಾಯ್ದೆ ಬರುವ ಎಷ್ಟೋ ವರ್ಷ ಮೊದಲು, ಒಂದು ಸಣ್ಣ ಪುರಸಭೆ ಮನಸ್ಸು ಮಾಡಿದ್ದರಿಂದ ಅದು ಸಾಧ್ಯವಾಯಿತು. ಸ್ಥಳೀಯ ಆಡಳಿತಕ್ಕೆ ಎಷ್ಟು ಶಕ್ತಿಯಿದೆ ಎಂದು ಕೇಳುವವರಿಗೆ ನಾನು ಮೊದಲು ಕೊಡುವ ಉದಾಹರಣೆ ಇದು. ಇನ್ನೊಂದು ಚರಿತ್ರೆ ಕೊರಗರದ್ದು. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲವೆಂದು ಗುರುತಿಸಿದ ಬುಡಕಟ್ಟುಗಳು ಎರಡೇ, ಕೊರಗ ಮತ್ತು ಜೇನುಕುರುಬ. ಕಾಡಿನ ಬಿಳಲು, ಬಿದಿರಿನಿಂದ ಬುಟ್ಟಿ ಹೆಣೆಯುತ್ತಿದ್ದ ಈ ಜನರನ್ನು ಪೇಟೆಗಳು ಬೆಳೆದಂತೆ ಗುಡಿಸುವ, ಸತ್ತ ಪ್ರಾಣಿ ಎತ್ತುವ ಕೆಲಸಕ್ಕೆ ಕರೆತಂದರು. ಕೊರಗರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸಿ ರಾಜ್ಯ ಸರಕಾರ ಪ್ರತ್ಯೇಕ ಕಾಯ್ದೆ ತರಬೇಕಾಗಿ ಬಂದದ್ದು 2000ನೇ ಇಸವಿಯಲ್ಲಿ. ಅಂದರೆ ಇಲ್ಲಿ ಕುಳಿತಿರುವ ಬಹುತೇಕರು ಹುಟ್ಟಿದ ಮೇಲೆ. ಅದು ಅಜ್ಜಂದಿರ ಕಾಲದ ಕಥೆಯೆಂದು ಯಾರೂ ಕೈತೊಳೆದುಕೊಳ್ಳುವಂತಿಲ್ಲ.

2022ರ ಜುಲೈ ಮೊದಲ ವಾರ ರಾಜ್ಯದ ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಬೀದಿಗಿಳಿದರು. ಖಾಯಂ ಮಾಡುವ ಭರವಸೆ ಸಿಕ್ಕಿತು. ಕಸ ಗುಡಿಸುವವರಿಗೆ ನೇರ ಪಾವತಿ, ನಂತರ ಹಂತಹಂತವಾಗಿ ಖಾಯಂ ನೇಮಕ ಎಂಬ ದಾರಿ ತೆರೆಯಿತು. ಆದರೆ ಕಸದ ಗಾಡಿ ಓಡಿಸುವವರು, ಗಾಡಿಗೆ ಕಸ ತುಂಬುವ ಲೋಡರುಗಳು, ಒಳಚರಂಡಿಯ ಕಾರ್ಮಿಕರು ಹೊರಗುತ್ತಿಗೆಯಲ್ಲೇ ಉಳಿದು ಮತ್ತೆ ಮತ್ತೆ ಧರಣಿ ಕೂರಬೇಕಾಯಿತು. ಒಂದೇ ಕಸ, ಒಂದೇ ಬೆಳಗು, ಒಂದೇ ರಸ್ತೆ. ಒಬ್ಬರಿಗೆ ಹುದ್ದೆ, ಇನ್ನೊಬ್ಬರಿಗೆ ಗುತ್ತಿಗೆ. ಇದರಲ್ಲಿ ಯಾವ ತರ್ಕವೂ ನನಗೆ ಕಾಣುವುದಿಲ್ಲ.

ನೀರು ಬರುವ ದಾರಿಯಲ್ಲೂ ಇದೇ ಇಳಿಜಾರಿದೆ. ನಮ್ಮ ನಲ್ಲಿಯ ನೀರು ಬಂಟ್ವಾಳ ತಾಲ್ಲೂಕಿನ ತುಂಬೆಯ ಕಿಂಡಿ ಅಣೆಕಟ್ಟಿನಿಂದ ಬರುತ್ತದೆ. ನಗರ ಬೆಳೆದಂತೆ ಅಣೆಕಟ್ಟನ್ನು ಎತ್ತರಿಸಿದರು. ಹಿನ್ನೀರಿನಲ್ಲಿ ಜಮೀನು ಮುಳುಗಿದ ರೈತರು ಪರಿಹಾರಕ್ಕಾಗಿ ಹೋರಾಡಿದರು. 2019ರ ಬೇಸಗೆಯಲ್ಲಿ ಸರದಿಯಂತೆ ನೀರು ಬಿಟ್ಟಾಗ ನಾವು ಎಷ್ಟು ಕೂಗಾಡಿದೆವು! ಆ ನೀರು ನಿಲ್ಲುವುದಕ್ಕಾಗಿ ಗದ್ದೆ ಬಿಟ್ಟವರ ಕೂಗು ಪತ್ರಿಕೆಯ ಒಳಪುಟ ದಾಟಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಕಾಟಿಪಳ್ಳ ಮತ್ತು ಕೃಷ್ಣಾಪುರ ಸಿಗುತ್ತವೆ. ಪಣಂಬೂರಿನಲ್ಲಿ ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಯಾಯಿತು. ಅದಕ್ಕಾಗಿ ನೆಲ ಬಿಟ್ಟವರಿಗೆ ಕೊಟ್ಟ ಜಾಗಗಳು ಇವು. ಕಡಲ ಬದಿಯಲ್ಲಿ ಹೊಲ, ತೆಂಗು ಇದ್ದ ಕುಟುಂಬಗಳನ್ನು ಬ್ಲಾಕುಗಳಾಗಿ ವಿಂಗಡಿಸಿ ಸೈಟು ಕೊಟ್ಟರು. ಕಾಟಿಪಳ್ಳದ ವಿಳಾಸಗಳಲ್ಲಿ ಇಂದಿಗೂ ಬ್ಲಾಕಿನ ಸಂಖ್ಯೆ ಬರುವುದು ಅದಕ್ಕೇ. ಮುಂದೆ ಅದೇ ಸುತ್ತಿನಲ್ಲಿ ಗೊಬ್ಬರ ಕಾರ್ಖಾನೆ, ತೈಲ ಸಂಸ್ಕರಣಾಗಾರ, ವಿಶೇಷ ಆರ್ಥಿಕ ವಲಯ ಬಂದವು. ಆ ಸಂಸ್ಕರಣಾಗಾರದ, ಅಂದರೆ ಎಂಆರ್‌ಪಿಎಲ್‌ನ, ಕೋಕ್, ಸಲ್ಫರ್ ಘಟಕದ ಮಾಲಿನ್ಯದ ವಿರುದ್ಧ ಜೋಕಟ್ಟೆಯ ಜನ ದೀರ್ಘ ಹೋರಾಟ ಮಾಡಿದರು. ಬಂದರು ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ. ಆ ಬಂದರಿನಿಂದ ಈ ಜಿಲ್ಲೆಗೆ ಉದ್ಯೋಗ ಬಂದಿದೆ. ಆದರೆ ಜಿಲ್ಲೆ ಪಡೆದದ್ದನ್ನು ನಾವು ಎಲ್ಲ ವೇದಿಕೆಗಳಲ್ಲಿ ಹೇಳುತ್ತೇವೆ. ಕಾಟಿಪಳ್ಳದವರು ಕೊಟ್ಟದ್ದನ್ನು ಯಾವ ವೇದಿಕೆಯಲ್ಲಿ ಹೇಳಿದ್ದೇವೆ?

ಬೀದಿ ವ್ಯಾಪಾರಿಗಳ ಮಾತು ತೆಗೆದರೆ ಈ ಸಭೆಯಲ್ಲೇ ಎರಡು ಗುಂಪಾಗುತ್ತದೆ ಎಂದು ಗೊತ್ತು. ಆದರೂ ಹೇಳಬೇಕು. 2024ರಲ್ಲಿ ನಮ್ಮ ಪಾಲಿಕೆ ‘ಟೈಗರ್ ಕಾರ್ಯಾಚರಣೆ’ ಎಂಬ ಹೆಸರಿನಲ್ಲಿ ರಸ್ತೆ ಬದಿಯ ಗೂಡಂಗಡಿ, ಗಾಡಿಗಳನ್ನು ತೆರವು ಮಾಡಿತು. ಆ ಹೆಸರು ನನಗೆ ನೋವು ಕೊಟ್ಟಿತು. ಚರುಂಬುರಿ ಮಾರುವವನ, ಎಳನೀರು ಕೊಚ್ಚುವವನ ಮೇಲೆ ಹುಲಿ ಬಿಡುವಂಥ ಅಪರಾಧ ಅವರೇನು ಮಾಡಿದ್ದಾರೆ?

ಕಾನೂನು ಏನು ಹೇಳುತ್ತದೆ ಎಂದು ತಾಳ್ಮೆಯಿಂದ ನೋಡೋಣ. ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ ಕಾಯ್ದೆಯನ್ನು ಸಂಸತ್ತು 2014ರಲ್ಲಿ ಅಂಗೀಕರಿಸಿತು. ಅದರ ಪ್ರಕಾರ ಪ್ರತಿ ನಗರದಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಕನಿಷ್ಠ ಶೇ. 40ರಷ್ಟು ಬೀದಿ ವ್ಯಾಪಾರಿಗಳೇ, ಅವರು ತಮ್ಮೊಳಗೆ ಆರಿಸಿದವರೇ ಆಗಿರಬೇಕು. ಅವರಲ್ಲಿ ಮೂರನೇ ಒಂದರಷ್ಟು ಮಹಿಳೆಯರಿರಬೇಕು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯಬೇಕು. ವಾರ್ಡು, ವಲಯ ಅಥವಾ ನಗರದ ಜನಸಂಖ್ಯೆಯ ಶೇ. 2.5ರ ಮಿತಿಯೊಳಗೆ ಸಮೀಕ್ಷೆಯಲ್ಲಿ ಗುರುತಿಸಿದವರಿಗೆಲ್ಲ ಜಾಗ ಕೊಡಬೇಕು. ಮುಖ್ಯವಾದ ಮಾತು: ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. 2020ರಲ್ಲಿ ಕೇಂದ್ರ ಸರಕಾರ ಸ್ವನಿಧಿ ಯೋಜನೆಯಲ್ಲಿ ಇದೇ ವ್ಯಾಪಾರಿಗಳಿಗೆ 10 ಸಾವಿರ ರೂಪಾಯಿಯಿಂದ ಆರಂಭಿಸಿ ಸಾಲ ಕೊಡತೊಡಗಿತು. ಸಾಲ ತೆಗೆದುಕೊಂಡು ಗಾಡಿ ಮಾಡಿದವನು ಆ ಗಾಡಿಯನ್ನೇ ಕಳೆದುಕೊಂಡರೆ ಕಂತು ಎಲ್ಲಿಂದ ಕಟ್ಟುತ್ತಾನೆ?

ಕಾಲುದಾರಿ ಪಾದಚಾರಿಗಳದ್ದು ಎಂಬ ವಾದ ನನಗೂ ಒಪ್ಪಿಗೆ. ಕಣ್ಣು ಕಾಣದವರು, ವಯಸ್ಸಾದವರು, ಮಗು ಎತ್ತಿಕೊಂಡ ತಾಯಂದಿರು ರಸ್ತೆಗೆ ಇಳಿಯುವಂತಾಗಬಾರದು. ಆದರೆ ಹಂಪನಕಟ್ಟೆಯಿಂದ ಕಂಕನಾಡಿಯವರೆಗೆ ಒಮ್ಮೆ ನಡೆದು ನೋಡಿ. ಕಾಲುದಾರಿಯನ್ನು ಹೆಚ್ಚು ಹಿಡಿದುಕೊಂಡಿರುವುದು ತಳ್ಳುಗಾಡಿಯೋ, ನಿಲ್ಲಿಸಿದ ಕಾರು, ಬೈಕುಗಳೋ? ಕಾರಿನವನಿಗೆ ದಂಡದ ಚೀಟಿ, ಗಾಡಿಯವನಿಗೆ ಜೆಸಿಬಿ. ಸೆಂಟ್ರಲ್ ಮಾರುಕಟ್ಟೆಯನ್ನು ನೆನಪಿಸಿಕೊಳ್ಳಿ. 2020ರ ಕೋವಿಡ್ ದಿನಗಳಲ್ಲಿ ಅದನ್ನು ಮುಚ್ಚಿ ಸಗಟು ವ್ಯಾಪಾರವನ್ನು ಬೈಕಂಪಾಡಿಯ ಎಪಿಎಂಸಿಗೆ ಕಳಿಸಿದರು, ಹಳೆಯ ಕಟ್ಟಡ ಹೋಯಿತು. ಹೊಸ ಕಟ್ಟಡದ ನಕ್ಷೆಯ ಬಗ್ಗೆ ಬಹಳ ಚರ್ಚೆಯಾಯಿತು. ಅಲ್ಲಿ ಮೂಟೆ ಹೊರುತ್ತಿದ್ದ ಹಮಾಲಿಗಳು, ಬಸಳೆಯ ಕಟ್ಟು, ಬಾಳೆಲೆ ಹರಡಿಕೊಂಡು ನೆಲದಲ್ಲಿ ಕೂರುತ್ತಿದ್ದ ಹಳ್ಳಿಯ ಹೆಂಗಸರು ಎಲ್ಲಿ ಹೋದರು ಎಂಬ ಚರ್ಚೆ ಆಗಲಿಲ್ಲ.

ಸ್ಮಾರ್ಟ್ ಸಿಟಿಯ ಬಗ್ಗೆ ಒಂದೇ ಮಾತು. 2016ರಲ್ಲಿ ನಾವು ಆ ಪಟ್ಟಿಗೆ ಸೇರಿದೆವು. ಹಣದ ಹೆಚ್ಚಿನ ಪಾಲು ನಗರದ ನಡುಭಾಗದ ಅಭಿವೃದ್ಧಿಗೆ ಹೋಗುವಂತೆ ಯೋಜನೆಯೇ ಇತ್ತು. ಗಡಿಯಾರ ಗೋಪುರ ಮತ್ತೆ ಎದ್ದಿತು, ರಸ್ತೆಗಳಿಗೆ ಕಾಂಕ್ರೀಟ್ ಬಿತ್ತು. ಮಂದಾರ ಆ ನಕ್ಷೆಯಲ್ಲಿ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮೂರಿನ ಒಬ್ಬ ಹಿರಿಯರನ್ನು ನೆನೆಯದೆ ಮುಂದೆ ಹೋಗಲಾರೆ. ಕುದ್ಮುಲ್ ರಂಗರಾಯರು. ನಮ್ಮ ಪುರಭವನಕ್ಕೆ ಅವರ ಹೆಸರಿದೆ. 1859ರಲ್ಲಿ ಕಾಸರಗೋಡಿನಲ್ಲಿ ಸಾರಸ್ವತ ಬ್ರಾಹ್ಮಣ ಮನೆಯಲ್ಲಿ ಹುಟ್ಟಿ, ಮಂಗಳೂರಿನಲ್ಲಿ ವಕೀಲರಾಗಿ, ದಲಿತ ಮಕ್ಕಳಿಗೆ ಶಾಲೆ ತೆರೆದದ್ದಕ್ಕೆ ಸ್ವಂತ ಸಮುದಾಯದ ಬಹಿಷ್ಕಾರ ಅನುಭವಿಸಿದವರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭಿಸಿದರು. ಅವರನ್ನು ಕರುಣಾಳು ಎಂದು ಹೊಗಳಿ ಹೂಮಾಲೆ ಹಾಕಿ ಬರುವುದು ಸುಲಭ. ಅವರ ಕೆಲಸದ ಕ್ರಮವನ್ನು ನೋಡಿ. ಶಾಲೆಯ ಜೊತೆಗೆ ಮನೆ ಕಟ್ಟಲು ನೆಲ ಕೊಡಿಸಿದರು, ಕೈಗೆ ಕಸುಬು ಕಲಿಸಿದರು, ದಲಿತರ ಪ್ರತಿನಿಧಿಗಳು ಸ್ಥಳೀಯ ಆಡಳಿತದಲ್ಲಿ ಕೂರಬೇಕು ಎಂದು ದುಡಿದರು. ಅಕ್ಷರ, ನೆಲ, ಕಸುಬು, ಆಡಳಿತದಲ್ಲಿ ಒಂದು ಕುರ್ಚಿ, ಈ ನಾಲ್ಕೂ ಒಟ್ಟಿಗೆ ಬರದಿದ್ದರೆ ಪೇಟೆಯಲ್ಲಿ ಬಡವನ ಕಾಲು ನೆಲೆಯೂರುವುದಿಲ್ಲ ಎಂದು ನೂರು ವರ್ಷಕ್ಕೂ ಹಿಂದೆ ಅವರು ಕಂಡುಕೊಂಡಿದ್ದರು. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಕ್ಕಳು ದೊಡ್ಡ ಹುದ್ದೆಗೇರಿ, ಅವರ ಕಾರು ಇದೇ ರಸ್ತೆಯಲ್ಲಿ ಓಡುವಾಗ ಏಳುವ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬುದು ಅವರ ಆಸೆಯಾಗಿತ್ತು. 1928ರಲ್ಲಿ ತೀರಿಕೊಂಡ ಅವರ ಸಮಾಧಿ ನಂದಿಗುಡ್ಡೆಯಲ್ಲಿದೆ.

ಆ ಕುರ್ಚಿಯ ಮಾತಿಗೆ ಬರುತ್ತೇನೆ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು ಎಂದು ಅದು ಹೇಳುತ್ತದೆ. ನಮ್ಮ ಪಾಲಿಕೆಗೆ 60 ವಾರ್ಡುಗಳು. ಇಲ್ಲಿನ ಜಾಗೃತ ನಾಗರಿಕರು ವರ್ಷಗಟ್ಟಲೆ ಬೆನ್ನುಬಿದ್ದು, ವಿಷಯ ಹೈಕೋರ್ಟಿಗೂ ಹೋಗಿ, ಬೆಂಗಳೂರಿನ ಹೊರಗೆ ವಾರ್ಡ್ ಸಮಿತಿ ರಚಿಸಿಕೊಂಡ ಮೊದಲಿನ ನಗರಗಳಲ್ಲಿ ಮಂಗಳೂರು ಒಂದಾಯಿತು. ಅವರ ತಾಳ್ಮೆಗೆ ನನ್ನ ನಮಸ್ಕಾರ. ರಾಜ್ಯದ ಕಾಯ್ದೆಯ ಪ್ರಕಾರ ಸಮಿತಿಯ ಹತ್ತು ಸದಸ್ಯರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ, ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು ಇರಬೇಕು. ತಿಂಗಳಿಗೊಮ್ಮೆ ಸಭೆ ಸೇರಬೇಕು.

ಇದು ಬಹಳ ದೊಡ್ಡ ಅವಕಾಶ. ಆದರೆ ಅರ್ಜಿ ಹಾಕುವವರು ಯಾರು ಎಂದು ಗಮನಿಸಿ. ನಿವೃತ್ತ ಅಧಿಕಾರಿಗಳು, ವೈದ್ಯರು, ಎಂಜಿನಿಯರುಗಳು ಬರುತ್ತಾರೆ, ಒಳ್ಳೆಯದೇ. ಬೀಡಿ ಕಟ್ಟುವ ಹೆಂಗಸು, ದಕ್ಕೆಯಲ್ಲಿ ಮೀನು ಹೊರುವವಳು, ತಗ್ಗಿನ ಕಾಲನಿಯಲ್ಲಿ ಇರುವ ಪೌರಕಾರ್ಮಿಕ ಬರುವುದಿಲ್ಲ, ಏಕೆಂದರೆ ಅಂಥದೊಂದು ಸಮಿತಿ ಇದೆಯೆಂದು ಅವರಿಗೆ ಹೇಳಿದವರಿಲ್ಲ. ಗುಡ್ಡದ ಮೇಲಿನವರೇ ಹತ್ತು ಕುರ್ಚಿಯಲ್ಲೂ ಕುಳಿತರೆ ಅವರು ಪ್ರಾಮಾಣಿಕರಾಗಿದ್ದರೂ ಬೀದಿ ದೀಪ, ಪಾರ್ಕು, ಬೀದಿ ನಾಯಿಯ ಬಗ್ಗೆ ಚರ್ಚಿಸುತ್ತಾರೆ. ತಗ್ಗಿನ ಮ್ಯಾನ್‌ಹೋಲ್ ಅವರ ಕಣ್ಣಿಗೆ ಬೀಳುವುದಿಲ್ಲ. ಇದರ ಮೇಲೆ ಇನ್ನೊಂದು ಸಂಕಟ. 2019ರ ನವೆಂಬರಿನಲ್ಲಿ ಆಯ್ಕೆಯಾದ ಪಾಲಿಕೆ ಪರಿಷತ್ತಿನ ಅವಧಿ 2025ರ ಆರಂಭದಲ್ಲಿ ಮುಗಿದಾಗ ಚುನಾವಣೆ ಸಮಯಕ್ಕೆ ನಡೆಯಲಿಲ್ಲ, ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಎಂದು ಸಂವಿಧಾನ ಸ್ಪಷ್ಟವಾಗಿ ಹೇಳಿದೆ. ವಿಧಾನಸಭೆಯ ಚುನಾವಣೆ ಒಂದು ತಿಂಗಳು ತಡವಾದರೆ ರಾಜ್ಯವೇ ಎದ್ದು ನಿಲ್ಲುತ್ತಿತ್ತು. ಪಾಲಿಕೆಯದ್ದು ತಡವಾದಾಗ ನಾವು ಸುಮ್ಮನಿದ್ದೆವು.

ಸಭಿಕರ ಪ್ರಶ್ನೆಗಳು

ಒಬ್ಬ ಹಿರಿಯರು ಕೇಳಿದರು: “ಹೋರಾಟ ಮಾಡಿ ಇಲ್ಲಿ ಏನು ಆಗಿದೆ? ಹತಾಶೆ ಬಿಟ್ಟರೆ ಏನೂ ಸಿಗುವುದಿಲ್ಲ.”

ಹಾಗೆ ಹೇಳಬೇಡಿ ಸಾರ್. ಸುರತ್ಕಲ್ ಟೋಲ್ ಗೇಟ್ ನೆನಪಿಸಿಕೊಳ್ಳಿ. ವರ್ಷಗಟ್ಟಲೆ ನಡೆದ ಹೋರಾಟ ಕೊನೆಗೆ ಹಗಲು ರಾತ್ರಿಯ ಧರಣಿಯಾಯಿತು. 2022ರ ಡಿಸೆಂಬರ್ 1ರಿಂದ ಅಲ್ಲಿ ಹಣ ಪಡೆಯುವುದು ನಿಂತಿತು. ಪಕ್ಷ, ಜಾತಿ, ಧರ್ಮ ಬಿಟ್ಟು ಜನ ಅಲ್ಲಿ ಕೂತಿದ್ದರು. ನಾನು ಆ ಜಯದಿಂದ ಒಂದು ಪ್ರಶ್ನೆಯನ್ನೂ ಎತ್ತಿಕೊಂಡಿದ್ದೇನೆ. ಟೋಲ್ ಕೊಡುವ ಸಂಕಟ ವಾಹನ ಇದ್ದ ಎಲ್ಲರಿಗೂ ತಟ್ಟುತ್ತಿತ್ತು, ಹಾಗಾಗಿ ಎಲ್ಲರೂ ಬಂದರು. ಮಂದಾರದವರಿಗಾಗಿ ಕೂರಲು ಅಷ್ಟು ಜನ ಬರಲಿಲ್ಲ. ನಮಗೆ ತಟ್ಟದ ನೋವಿಗೂ ನಾವು ಒಂದು ದಿನ ಧರಣಿ ಕೂರಬಲ್ಲೆವಾದರೆ ಈ ಊರಿನಲ್ಲಿ ಬಹಳಷ್ಟು ಸಂಗತಿ ಬದಲಾಗುತ್ತದೆ.

ಕಟ್ಟಡ ಕಾರ್ಮಿಕರ ಬಗ್ಗೆ ಏಕೆ ಮಾತನಾಡಲಿಲ್ಲ ಎಂದು ಒಬ್ಬ ಯುವಕ ಕೇಳಿದ. ಸರಿಯಾದ ಪ್ರಶ್ನೆ. ಬಾಗಲಕೋಟೆ, ಕೊಪ್ಪಳ, ಗದಗ, ರಾಯಚೂರಿನಿಂದ ಬಂದವರು ಈ ನಗರದ ಅರ್ಧವನ್ನು ಕಟ್ಟಿದ್ದಾರೆ. ಈಗ ಜಾರ್ಖಂಡ್, ಬಿಹಾರ, ಬಂಗಾಳದವರೂ ಇದ್ದಾರೆ. ಘಟ್ಟದವರು ಎಂದು ನಾವು ಅವರನ್ನು ದೂರ ಇಟ್ಟೇ ಕರೆಯುತ್ತೇವೆ. ಗುಡ್ಡ ಕಡಿದ ಜಾಗದಲ್ಲಿ ತಡೆಗೋಡೆಯ ಬುಡದಲ್ಲೇ ಅವರ ಶೆಡ್ಡುಗಳಿರುತ್ತವೆ. ಮಳೆಗೆ ಮಣ್ಣು ಜರಿದರೆ ಮೊದಲು ಸಿಕ್ಕಿಬೀಳುವವರು ಅವರೇ. 1996ರ ಕಾಯ್ದೆಗಳಿಂದ ಆರಂಭವಾದ ಕ್ರಮದಂತೆ ನಿರ್ಮಾಣ ವೆಚ್ಚದ ಶೇ. 1ರಷ್ಟನ್ನು ಸೆಸ್ ಆಗಿ ಸಂಗ್ರಹಿಸಿ ಕಾರ್ಮಿಕ ಕಲ್ಯಾಣ ಮಂಡಳಿಗೆ ಕೊಡಲಾಗುತ್ತದೆ. ನೋಂದಣಿ ಕಾರ್ಡು ಇದ್ದವರಿಗೆ ಮಾತ್ರ ಅದರ ಸೌಲಭ್ಯ. ನಿಮ್ಮ ಪಕ್ಕದ ಕಟ್ಟಡದ ಕೆಲಸದವರಿಗೆ ಕಾರ್ಡು ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಅರ್ಜಿ ತುಂಬಿಕೊಡಿ. ಕಾಲೇಜಿನ ಎನ್‌ಎಸ್‌ಎಸ್ ಘಟಕಗಳು ಒಂದು ಭಾನುವಾರ ಈ ಕೆಲಸಕ್ಕೆ ಕೊಟ್ಟರೆ ನೂರಾರು ಕುಟುಂಬಗಳಿಗೆ ಉಪಕಾರವಾಗುತ್ತದೆ.

ಅಪಾರ್ಟ್‌ಮೆಂಟ್ ಸಂಘವೊಂದರ ಪದಾಧಿಕಾರಿಯೊಬ್ಬರು, “ನಾವೂ ತೆರಿಗೆ ಕಟ್ಟುತ್ತೇವೆ, ಎಲ್ಲದಕ್ಕೂ ನಮ್ಮನ್ನೇ ದೂರುವುದೇಕೆ?” ಎಂದರು. ನಾನು ದೂರುತ್ತಿಲ್ಲ, ಕೇಳಿಕೊಳ್ಳುತ್ತಿದ್ದೇನೆ. ತೆರಿಗೆ ಕಟ್ಟಿದ್ದಕ್ಕೆ ಬದಲಾಗಿ ನಮ್ಮ ಕೊಳಚೆ ಇನ್ನೊಬ್ಬರ ಅಂಗಳಕ್ಕೆ ಹೋಗುವ ಹಕ್ಕು ಸಿಗುವುದಿಲ್ಲ. ಮುಂದಿನ ಮಳೆಗಾಲಕ್ಕೆ ಮೊದಲು ಪ್ಲಂಬರನ್ನು ಕರೆಸಿ ಟೆರೇಸಿನ ನೀರಿನ ಪೈಪು ಎಲ್ಲಿಗೆ ಹೋಗಿದೆ ನೋಡಿ. ಒಳಚರಂಡಿಗೆ ಹೋಗಿದ್ದರೆ ತೆಗೆಸಿ, ಬಾವಿಗೋ ಇಂಗುಗುಂಡಿಗೋ ಬಿಡಿ. ಎಲ್ಲ ಮನೆಗಳವರು ಹಂಚಿಕೊಂಡರೆ ಆ ಖರ್ಚು ದೊಡ್ಡದಾಗಲಾರದು.

ಕೊನೆಯ ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯದ್ದು. ಅವಳ ತಾಯಿ ಮನೆಗೆಲಸಕ್ಕೆ ದಿನವೂ ಎರಡು ಬಸ್ಸು ಹತ್ತಿ ಬರುತ್ತಾರೆ. “ರಾಜ್ಯದ ಹೆಂಗಸರಿಗೆಲ್ಲ ಬಸ್ಸು ಉಚಿತ ಎನ್ನುತ್ತಾರೆ. ನನ್ನ ಅಮ್ಮನಿಗೆ ಏಕೆ ಇಲ್ಲ?”

ಈ ಪ್ರಶ್ನೆಗೆ ಸಭೆ ಸ್ತಬ್ಧವಾಯಿತು, ಏಕೆಂದರೆ ಎಲ್ಲರಿಗೂ ಉತ್ತರ ಗೊತ್ತಿತ್ತು. ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾಯಿತು. ಅದು ಸರಕಾರಿ ಬಸ್ಸುಗಳಿಗೆ ಮಾತ್ರ. ದಕ್ಷಿಣ ಕನ್ನಡ, ಉಡುಪಿ, ನಮ್ಮ ಈ ಎರಡೂ ಜಿಲ್ಲೆಗಳಲ್ಲಿ ಸಿಟಿ ಬಸ್ಸು, ಸರ್ವಿಸ್ ಬಸ್ಸು, ಎಕ್ಸ್‌ಪ್ರೆಸ್ ಬಸ್ಸು ಎಲ್ಲ ಬಹುಪಾಲು ಖಾಸಗಿಯವರದ್ದು. ದಶಕಗಳ ಕಾಲ ಈ ಖಾಸಗಿ ಬಸ್ಸುಗಳೇ ಒಳ ಹಳ್ಳಿಗಳನ್ನೂ ಪೇಟೆಗೆ ಜೋಡಿಸಿವೆ, ಅದನ್ನು ನಾನು ಗೌರವದಿಂದಲೇ ಹೇಳುತ್ತೇನೆ. ಚಾಲಕ, ನಿರ್ವಾಹಕರೂ ನಮ್ಮದೇ ಮನೆಗಳ ಹುಡುಗರು. ಆದರೆ ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ಮನೆಗೆಲಸದ ಹೆಂಗಸು ತಿಂಗಳಿಗೆ ಉಳಿಸುವ ಹಣವನ್ನು ಮಂಗಳೂರಿನ ಹೆಂಗಸು ಟಿಕೆಟಿಗೆ ಕೊಡುತ್ತಿದ್ದಾಳೆ. ಇದಕ್ಕೆ ಎರಡು ದಾರಿ ಇವೆ. ನಗರದೊಳಗೆ ಸರಕಾರಿ ಬಸ್ಸುಗಳ ಪರವಾನಗಿ ಹೆಚ್ಚಿಸುವುದು ಒಂದು. ಖಾಸಗಿ ಬಸ್ಸುಗಳಲ್ಲಿ ಹೆಂಗಸರ ಟಿಕೆಟಿನ ಹಣವನ್ನು ಸರಕಾರ ಭರಿಸುವುದು ಇನ್ನೊಂದು. ಎರಡನೆಯದಕ್ಕೆ ರಾಜ್ಯ ಸರಕಾರದ ತೀರ್ಮಾನ ಬೇಕು. ಮೊದಲನೆಯದು ಜಿಲ್ಲೆಯಲ್ಲೇ ಆರಂಭವಾಗಬಹುದು. ಪರವಾನಗಿ ಕೊಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ನಿನ್ನ ಅಮ್ಮ ಯಾವ ಊರಿನಿಂದ, ಬೆಳಿಗ್ಗೆ ಎಷ್ಟು ಗಂಟೆಗೆ, ಎಲ್ಲಿಗೆ ಹೋಗಬೇಕು ಎಂದು ಒಂದು ಹಾಳೆಯಲ್ಲಿ ಬರೆ. ಅದೇ ಬಸ್ಸಿನಲ್ಲಿ ಬರುವ ಉಳಿದ ಹೆಂಗಸರ ಸಹಿ ಹಾಕಿಸು, ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಪಡೆ. ಅರ್ಜಿ ಬರೆಯಲು ನಾನು ಬರುತ್ತೇನೆ, ಸಭೆ ಮುಗಿದ ಮೇಲೆ ಇಲ್ಲೇ ಕೂರೋಣ.